ಮಂಡಾಳಿನ ಹದ ಮತ್ತು ಗ್ರನೋಲಾದ ಪೊಟ್ಟಣ

ಓಟ್ಸ್ ಎಂಬ ತಂಪು ಹವೆಯ ಧಾನ್ಯವನ್ನು ಅವಲಕ್ಕಿಯಂತೆ ಚಪ್ಪಟೆ ಮಾಡಿ, ಎಣ್ಣೆಯನ್ನೂ ಜೇನು ಇಲ್ಲವೆ ಸಕ್ಕರೆಪಾಕವನ್ನೂ ಸವರಿ, ಬಾದಾಮಿ, ಕುಂಬಳಬೀಜ, ಒಣದ್ರಾಕ್ಷಿ ಮೊದಲಾದವನ್ನು ಕೂಡಿಸಿ, ಗರಿಗರಿಯಾಗುವವರೆಗೆ ಬಿಸಿಗಾಳಿಯ ಒಲೆಯಲ್ಲಿ ಒಣಗಿಸಿದ ತಿನಿಸಿಗೆ ಗ್ರನೋಲಾ ಎಂದು ಹೆಸರು. ಬಳ್ಳಾರಿಯಂತಹ ನಗರಗಳ ದೊಡ್ಡ ಅಂಗಡಿಗಳಲ್ಲಿ ಈಗ ಇದು ಸಿಗುತ್ತದೆ. ಕೊಂಡವರಲ್ಲಿ ಹೆಚ್ಚಿನವರು ಅದರ ಮೇಲೆ ಹಾಲು ಸುರಿದು ತಿಂದು, ನಾಲ್ಕು ದಿನಕ್ಕೆ ಬೇಸರಪಟ್ಟು, ಉಳಿದದ್ದನ್ನು ಡಬ್ಬಿಯಲ್ಲಿ ಮರೆಯುತ್ತಾರೆ. ಪೊಟ್ಟಣದ ಮೇಲೆ ಅಚ್ಚಾದ ವಿಧಾನವೇ ಕೊನೆಯ ಮಾತು ಎಂಬ ನಂಬಿಕೆ ಇದಕ್ಕೆ ಕಾರಣವಾಗಿರುವಂತೆ ತೋರುತ್ತದೆ. ಆದರೆ ಅಂಗಡಿಯಿಂದ ತಂದ ಒಣ ಧಾನ್ಯವನ್ನು ಅರ್ಧ ಮುಗಿದ ಅಡಿಗೆಯೆಂದು ತಿಳಿದು, ಉಳಿದ ಅರ್ಧವನ್ನು ಮನೆಯಲ್ಲಿ ಪೂರೈಸುವ ಕಲೆ ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳ ಅಡಿಗೆಮನೆಗಳಲ್ಲಿ ಬಹುಕಾಲದಿಂದ ಬೆಳೆದುಬಂದಿದೆ. ಆ ಕಲೆಯ ಮುಖ್ಯ ವಸ್ತು ಮಂಡಾಳು, ಎಂದರೆ ರಾಜ್ಯದ ಬೇರೆಡೆ ಮಂಡಕ್ಕಿ, ಚುರುಮುರಿ, ಪುರಿ ಎಂದು ಕರೆಯಲಾಗುವ ಉಬ್ಬಿದ ಅಕ್ಕಿ.

ಗ್ರನೋಲಾ ಹುಟ್ಟಿದಾಗಲೂ ಸಿದ್ಧ ತಿನಿಸಾಗಿರಲಿಲ್ಲ ಎಂಬುದನ್ನು ಇಲ್ಲಿ ನೆನೆಯಬಹುದು. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಡ್ಯಾನ್ಸ್‌ವಿಲ್ ಎಂಬ ಊರಿನಲ್ಲಿ ಆರೋಗ್ಯಧಾಮ ನಡೆಸುತ್ತಿದ್ದ ಜೇಮ್ಸ್ ಕೇಲಬ್ ಜಾಕ್ಸನ್ ಎಂಬ ವೈದ್ಯರು 1863ರಲ್ಲಿ ತವುಡು ತೆಗೆಯದ ಗೋಧಿಹಿಟ್ಟನ್ನು ಎರಡು ಸಲ ಬೇಯಿಸಿ ಒಡೆದು ತಯಾರಿಸಿದ ‘ಗ್ರಾನ್ಯುಲಾ’ ಎಷ್ಟು ಗಟ್ಟಿಯಾಗಿತ್ತೆಂದರೆ, ಅದನ್ನು ರಾತ್ರಿಯಿಡೀ ಹಾಲಿನಲ್ಲಿ ನೆನೆಸದೆ ಅಗಿಯಲಾಗುತ್ತಿರಲಿಲ್ಲ. ಮುಂದೆ ಮಿಷಿಗನ್‌ನ ಬ್ಯಾಟಲ್ ಕ್ರೀಕ್‌ನಲ್ಲಿ ಜಾನ್ ಹಾರ್ವೆ ಕೆಲಾಗ್ ಅವರು ಅಂಥದೇ ತಿನಿಸನ್ನು ಮಾಡಿ, ಹೆಸರಿನ ತಕರಾರು ಬಂದ ಮೇಲೆ ಅದನ್ನು ಗ್ರನೋಲಾ ಎಂದು ಬದಲಿಸಿದರು. ಇಂದಿನ ಸಿಹಿ, ಎಣ್ಣೆ, ಬೀಜಗಳ ರೂಪ ಜನಪ್ರಿಯವಾದದ್ದು 1960ರ ದಶಕದ ಈಚೆಗೆ.

ಮಂಡಾಳು ಆಗುವ ಬಗೆ ಇದಕ್ಕಿಂತ ಕುತೂಹಲಕರವಾದದ್ದು. ಭತ್ತವನ್ನು ನೆನೆಸಿ, ಹಬೆಯಲ್ಲಿ ಬೇಯಿಸಿ, ಒಣಗಿಸಿ, ಹೊಟ್ಟು ಬಿಡಿಸಿದಾಗ ಸಿಗುವ ಕುಸುಬಲಕ್ಕಿಗೆ ಉಪ್ಪುನೀರು ತಾಗಿಸಿ ಹದವಾಗಿ ಒಣಗಿಸಿ, ಆಮೇಲೆ ಸುಮಾರು 250 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬಿಸಿ ಮರಳಿನಲ್ಲಿ ಕೆಲವೇ ಕ್ಷಣ ಹುರಿಯುತ್ತಾರೆ. ಮೊದಲೇ ಬೆಂದಿರುವುದರಿಂದ ಕಾಳಿನೊಳಗಿನ ಪಿಷ್ಟ, ಅಂದರೆ ಧಾನ್ಯದ ಮುಖ್ಯ ಸತ್ತ್ವವಾದ ಗಂಜಿಯಂಶ, ಬಿಸಿಗೆ ಮೆದುವಾಗಿ ಹಿಗ್ಗಬಲ್ಲ ಸ್ಥಿತಿಯಲ್ಲಿರುತ್ತದೆ. ಕಾಳಿನಲ್ಲಿ ಉಳಿದ ತೇವ ಒಮ್ಮೆಗೇ ಆವಿಯಾಗಿ ಹೊರಗೆ ನುಗ್ಗುವಾಗ ಪಿಷ್ಟ ಹಿಗ್ಗಿ, ತಣ್ಣಗಾಗುತ್ತಲೇ ಹಿಗ್ಗಿದ ಆಕಾರದಲ್ಲಿಯೇ ಬಿಗಿಯುತ್ತದೆ. ಕೊನೆಗೆ ಉಳಿಯುವುದು ಸಣ್ಣ ಸಣ್ಣ ರಂಧ್ರಗಳ ತೆಳುಗೋಡೆಯ ಕಾಳು. ಮಂಡಾಳಿನ ಗುಣವೂ ದೋಷವೂ ಈ ರಂಧ್ರಗಳಲ್ಲಿಯೇ ಇವೆ: ಅದು ನೀರನ್ನು ಕಣ್ಣೆವೆಯಲ್ಲಿ ಹೀರುತ್ತದೆ, ಹೀರಿದ ಮೇಲೆ ಬೇಯಿಸದೆಯೇ ತಿನ್ನಲು ಬರುತ್ತದೆ, ಸ್ವಲ್ಪ ಹೆಚ್ಚು ಹೀರಿದರೆ ಮುದ್ದೆಯಾಗಿಬಿಡುತ್ತದೆ.

ಈ ಗುಣವನ್ನು ಹಿಡಿದು ರೂಪಿಸಿದ ತಿನಿಸೇ ಬಳ್ಳಾರಿಯ ಬೆಳಗಿನ ಉಪಾಹಾರವಾದ ಮಂಡಾಳು ಒಗ್ಗರಣೆ. ಆಡುಮಾತಿನಲ್ಲಿ ವಗ್ಗರಣಿ ಎನ್ನುವ ಇದನ್ನು ಗಡಿಯಾಚೆಯ ಅನಂತಪುರ, ಕರ್ನೂಲು ಕಡೆಗಳಲ್ಲಿ ಉಗ್ಗಾನಿ ಎನ್ನುತ್ತಾರೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮದ್ರಾಸಿನಿಂದ ಮೈಸೂರಿಗೆ ಸೇರಿದಾಗ ಆದೋನಿ, ಆಲೂರು, ರಾಯದುರ್ಗಗಳು ಆಂಧ್ರದ ಪಾಲಾದವಾದರೂ ಬೆಳಗಿನ ತಟ್ಟೆ ಎರಡೂ ಕಡೆ ಒಂದೇ ಆಗಿ ಉಳಿಯಿತು. ಇದಕ್ಕೆ ಹಗುರವಾದ ತೆಳು ಮಂಡಾಳಿಗಿಂತ ಗಟ್ಟಿ ಮಂಡಾಳೇ ಒಳ್ಳೆಯದು. ಅಗಲ ಪಾತ್ರೆಯ ನೀರಿಗೆ ಮಂಡಾಳನ್ನು ಸುರಿದು, ಕೈಯಿಂದ ಒಮ್ಮೆ ಅದುಮಿ, ಕೂಡಲೇ ಎತ್ತಿ ಅಂಗೈಗಳ ನಡುವೆ ಹಿಂಡಿ ತೆಗೆಯುತ್ತಾರೆ. ಬಾಣಲೆಯಲ್ಲಿ ಸಾಸಿವೆ, ಜೀರಿಗೆ, ಶೇಂಗಾ, ಕರಿಬೇವು, ಹಸಿಮೆಣಸಿನಕಾಯಿ, ಉಳ್ಳಾಗಡ್ಡಿ, ಅರಿಶಿನಗಳ ಒಗ್ಗರಣೆ ಸಿದ್ಧವಾದ ಮೇಲೆ, ಬೇಕೆನಿಸಿದರೆ ಟೊಮೆಟೊ ಇಲ್ಲವೆ ಹುಣಸೆರಸ ಸೇರಿಸಿ, ಹಿಂಡಿದ ಮಂಡಾಳನ್ನು ಬೆರೆಸಿ, ಮೇಲೆ ಪುಟಾಣಿ ಪುಡಿಯನ್ನು ಉದುರಿಸುತ್ತಾರೆ. ಪುಟಾಣಿ ಎಂದರೆ ಹುರಿಗಡಲೆ. ಕೆಲವು ಮನೆಗಳಲ್ಲಿ ಇದರೊಂದಿಗೆ ಒಣಕೊಬ್ಬರಿಯನ್ನೂ ಅರೆಯುವುದುಂಟು. ಪಕ್ಕದಲ್ಲಿ ಮಿರ್ಚಿ, ಅಂದರೆ ಮೆಣಸಿನಕಾಯಿ ಬಜ್ಜಿ, ಇಲ್ಲದಿದ್ದರೆ ಬಳ್ಳಾರಿಯವರು ಅದನ್ನು ಪೂರ್ಣ ತಿನಿಸೆಂದು ಒಪ್ಪುವುದು ಕಷ್ಟ.

ಈ ತಯಾರಿಕೆಯಲ್ಲಿ ಪುಟಾಣಿ ಪುಡಿಯ ಪಾತ್ರ ರುಚಿಗಷ್ಟೇ ಸೀಮಿತವಲ್ಲ. ಹುರಿದ ಕಡಲೆಯ ಪುಡಿ ಮಂಡಾಳಿನ ಮೇಲ್ಮೈಯಲ್ಲಿ ಉಳಿದ ನೀರನ್ನು ಹೀರಿ, ಕಾಳು ಕಾಳಿಗೆ ಅಂಟದಂತೆ ಬಿಡಿಬಿಡಿಯಾಗಿ ಇಡುತ್ತದೆ. ಎಣ್ಣೆಯ ತೆಳುಪದರ ಹೊಸ ತೇವ ಒಳಗೆ ಹೋಗುವುದನ್ನು ನಿಧಾನಗೊಳಿಸುತ್ತದೆ. ಪೋಷಣೆಯ ಲೆಕ್ಕದಲ್ಲಿಯೂ ಇದಕ್ಕೆ ಅರ್ಥವಿದೆ. ನೂರು ಗ್ರಾಂ ಮಂಡಾಳಿನಲ್ಲಿ ಸುಮಾರು 7 ಗ್ರಾಂ ಪ್ರೋಟೀನು ಇದ್ದರೆ, ಪುಟಾಣಿಯಲ್ಲಿ 20 ಗ್ರಾಂನಷ್ಟು, ಶೇಂಗಾದಲ್ಲಿ 25 ಗ್ರಾಂನಷ್ಟು ಇರುತ್ತದೆ. ಒಬ್ಬರ ಪಾಲಿನ 50 ಗ್ರಾಂ ಮಂಡಾಳಿಗೆ 15 ಗ್ರಾಂ ಪುಟಾಣಿ, 10 ಗ್ರಾಂ ಶೇಂಗಾ ಸೇರಿದರೆ ಪ್ರೋಟೀನು ಮೂರೂವರೆ ಗ್ರಾಂನಿಂದ ಸುಮಾರು 9 ಗ್ರಾಂಗೆ ಏರುತ್ತದೆ. ಅಕ್ಕಿಯಲ್ಲಿ ಕಡಿಮೆ ಇರುವ ಲೈಸೀನ್ ಎಂಬ ಪ್ರೋಟೀನು ಘಟಕ ಕಡಲೆಯಿಂದ ತುಂಬಿಕೊಳ್ಳುತ್ತದೆ. ಮಂಡಾಳಿನಲ್ಲಿ ಭಟ್ಟಿಯಲ್ಲಿಯೇ ಹಾಕಿದ ಉಪ್ಪು ಇರುವುದರಿಂದ ಒಗ್ಗರಣೆಗೆ ಉಪ್ಪು ಹಾಕುವಾಗ ಕೈ ಹಿಡಿಯಬೇಕು ಎಂಬುದನ್ನು ಮಾತ್ರ ಹೊಸಬರು ಮರೆಯುತ್ತಾರೆ.

ಈ ಪ್ರದೇಶದಲ್ಲಿ ಅಕ್ಕಿಯ ತಿನಿಸು ಇಷ್ಟು ಸಾಮಾನ್ಯವಾದದ್ದರ ಹಿಂದೆ ಕಾಲುವೆಯ ಚರಿತ್ರೆ ಇದೆ. 1945ರಲ್ಲಿ ಅಡಿಗಲ್ಲು ಬಿದ್ದು 1953ರಲ್ಲಿ ನೀರು ನಿಂತ ತುಂಗಭದ್ರಾ ಜಲಾಶಯದ ಬಲದಂಡೆಯ ಕಾಲುವೆಗಳು ಕುರುಗೋಡು, ಸಿರುಗುಪ್ಪಗಳ ಕಡೆಯ ಕಪ್ಪು ನೆಲವನ್ನು ಭತ್ತದ ಗದ್ದೆಗಳನ್ನಾಗಿ ಮಾರ್ಪಡಿಸಿದವು; ಸಿರುಗುಪ್ಪದ ಅಕ್ಕಿಗಿರಣಿಗಳು ಈ ನೀರಿನ ಫಲ. ಅದಕ್ಕೂ ಮೊದಲು ಇದು ಜೋಳ, ನವಣೆ, ಹತ್ತಿ, ಶೇಂಗಾಗಳ ಸೀಮೆಯಾಗಿತ್ತು. ಇನ್ನೂ ಹಿಂದಕ್ಕೆ ಹೋದರೆ, ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯಲ್ಲಿ 1960ರ ದಶಕದಲ್ಲಿ ಎಂ. ಎಸ್. ನಾಗರಾಜರಾವ್ ಅವರು ನಡೆಸಿದ ಉತ್ಖನನದಲ್ಲಿ ಹುರುಳಿಕಾಳು ಸಿಕ್ಕಿತು. ಮುಂದೆ ಡೋರಿಯನ್ ಫುಲ್ಲರ್, ರವಿ ಕೋರಿಶೆಟ್ಟರ್ ಮತ್ತು ಪಿ. ಸಿ. ವೆಂಕಟಸುಬ್ಬಯ್ಯ ಅವರ ತಂಡ ತೆಕ್ಕಲಕೋಟೆ, ಕುರುಗೋಡು ಹಾಗೂ ಬಳ್ಳಾರಿಗೆ ಹೊಂದಿದ ಸಂಗನಕಲ್ಲಿನಂತಹ ನವಶಿಲಾಯುಗದ ನೆಲೆಗಳ ಮಣ್ಣನ್ನು ನೀರಿನಲ್ಲಿ ತೇಲಿಸಿ ಸುಟ್ಟ ಕಾಳುಗಳನ್ನು ಬೇರ್ಪಡಿಸಿದಾಗ, ಈ ಸೀಮೆಯ ಮೊದಲ ರೈತರ ಆಹಾರದಲ್ಲಿ ಕೊರಲೆಯಂತಹ ಕಿರುಧಾನ್ಯಗಳೂ ಹೆಸರು, ಹುರುಳಿಗಳೂ ಪ್ರಧಾನವಾಗಿದ್ದವೆಂದು ತಿಳಿಯಿತು. ಸುಟ್ಟ ಕಾಳು ಸಿಕ್ಕಿತೆಂದ ಮಾತ್ರಕ್ಕೆ ಅವರು ಹುರಿಗಾಳು ತಿನ್ನುತ್ತಿದ್ದರೆಂದು ಹೇಳಲಾಗದು. ಕಾಳು ಕರಿದಾದರೆ ಮಾತ್ರ ಮಣ್ಣಿನಲ್ಲಿ ಸಾವಿರಾರು ವರ್ಷ ಉಳಿಯುತ್ತದೆ ಎಂಬುದಷ್ಟೇ ಅದರ ಅರ್ಥ. ಧಾನ್ಯಕ್ಕೆ ಬೇಳೆಕಾಳನ್ನು ಜೊತೆಮಾಡುವ ಕ್ರಮ ಮಾತ್ರ ಅಲ್ಲಿಂದ ಇಲ್ಲಿಯವರೆಗೆ ತುಂಡಾಗಿಲ್ಲ.

ಜೋಳದ ಕಾಲದ ನೆನಪಾಗಿ ಉಳಿದಿರುವುದು ನಾಗರಪಂಚಮಿಯ ಅಳ್ಳು, ಗ್ರಂಥಭಾಷೆಯ ಅರಳು. ಜೋಳಕ್ಕೆ ನೀರು ಚಿಮುಕಿಸಿ, ಬಟ್ಟೆಯಲ್ಲಿ ಮುಚ್ಚಿಟ್ಟು, ಕಾದ ಬಾಣಲೆಯಲ್ಲಿ ಹುರಿದರೆ ಗಟ್ಟಿ ಸಿಪ್ಪೆಯೊಳಗೆ ಸಿಕ್ಕಿಬಿದ್ದ ಆವಿಯ ಒತ್ತಡ ಏರಿ, ಸಿಪ್ಪೆ ಬಿರಿದು ಒಳಗಿನ ತಿರುಳು ಹೂವಾಗಿ ಅರಳುತ್ತದೆ. ಮಂಡಾಳಿನಲ್ಲಿ ಈ ಸಿಪ್ಪೆಯ ಒತ್ತಡವಿಲ್ಲ, ಮೊದಲೇ ಬೆಂದ ಪಿಷ್ಟದ ಹಿಗ್ಗುವಿಕೆಯಿದೆ. ಅರಳಿನಲ್ಲಿ ಸಿಪ್ಪೆಯ ಚೂರುಗಳು ಉಳಿಯುವುದರಿಂದ ನಾರಿನಂಶ ಹೆಚ್ಚು. ಅರಳಿಗೆ ಶೇಂಗಾ, ಪುಟಾಣಿ, ಕೊಬ್ಬರಿ ಚೂರು, ಬೆಲ್ಲ ಬೆರೆಸಿದ ಹಬ್ಬದ ತಿನಿಸು ಗ್ರನೋಲಾಕ್ಕೆ ಈ ನಾಡಿನಲ್ಲಿ ಸಿಗುವ ಅತಿ ಸಮೀಪದ ಬಂಧು. ಅದರಲ್ಲಿ ಸಿಹಿ ಎಷ್ಟು ಬೇಕೆಂಬುದು ತಿನ್ನುವವರ ಕೈಯಲ್ಲಿಯೇ ಇದೆ, ಕಾರ್ಖಾನೆಯಲ್ಲಿ ಅಲ್ಲ.

ಸಿಹಿಯ ವಿಚಾರದಲ್ಲಿಯೇ ಪೊಟ್ಟಣದ ಗ್ರನೋಲಾವನ್ನು ಮೊದಲು ತಿದ್ದಬೇಕಾಗುತ್ತದೆ. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮಗಳಂತೆ ಪೊಟ್ಟಣದ ಮೇಲೆ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕು, ಒಟ್ಟು ಸಕ್ಕರೆಯನ್ನೂ ಸೇರಿಸಿದ ಸಕ್ಕರೆಯನ್ನೂ ಬೇರೆಬೇರೆಯಾಗಿ ತೋರಿಸಬೇಕು. ಸಕ್ಕರೆ, ಜೇನು, ಬೆಲ್ಲ, ಗ್ಲೂಕೋಸ್ ಪಾಕ ಎಂದು ಸಿಹಿಯನ್ನು ನಾಲ್ಕು ಹೆಸರುಗಳಲ್ಲಿ ಹಂಚಿದರೆ ಒಂದೊಂದೂ ಪಟ್ಟಿಯ ಕೆಳಗೆ ಇಳಿಯುತ್ತದೆಯಾದ್ದರಿಂದ ಪಟ್ಟಿಗಿಂತ ಗ್ರಾಂ ಲೆಕ್ಕವನ್ನು ನೋಡುವುದು ಮೇಲು. ನೂರು ಗ್ರಾಂಗೆ 20 ಗ್ರಾಂ ಸಕ್ಕರೆ ಇರುವ ಗ್ರನೋಲಾಕ್ಕೆ ಅಷ್ಟೇ ತೂಕದ ಜೋಳದ ಅರಳು ಮತ್ತು ಹುರಿದ ಶೇಂಗಾ ಬೆರೆಸಿದರೆ ಸಕ್ಕರೆ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಖರ್ಚೂ ತಗ್ಗುತ್ತದೆ, ಗರಿಗರಿತನವೂ ಉಳಿಯುತ್ತದೆ. ಅರಳು ಸಿಗದಾಗ ಮಂಡಾಳನ್ನೇ ಬಾಣಲೆಯಲ್ಲಿ ಬೆಚ್ಚಗೆ ಮಾಡಿ ಸೇರಿಸಬಹುದು. ಅದು ಹಗುರವಾದುದರಿಂದ ಬಟ್ಟಲಿನಿಂದ ಅಳೆಯದೆ ತೂಕ ಮಾಡಿ ಬೆರೆಸಬೇಕು.

ಗ್ರನೋಲಾ ಮೆತ್ತಗಾಗಿದ್ದರೆ ಅದು ಕೆಟ್ಟಿದೆಯೆಂದಲ್ಲ. ಅದರ ಗರಿಗರಿತನಕ್ಕೆ ಕಾರಣ ಗಾಜಿನಂತೆ ಬಿಗಿದ ಸಕ್ಕರೆಯ ಪದರ. ಆ ಪದರ ಗಾಳಿಯ ತೇವವನ್ನು ಹೀರಿದಾಗ ಮೆದುವಾಗುತ್ತದೆ. ಒಣದ್ರಾಕ್ಷಿ ಮೊದಲಾದ ಹಣ್ಣಿನ ಚೂರುಗಳನ್ನು ಆರಿಸಿ ತೆಗೆದು, ಉಳಿದದ್ದನ್ನು ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ನಾಲ್ಕೈದು ನಿಮಿಷ ಕೈಯಾಡಿಸಿ, ಅಗಲ ತಟ್ಟೆಯಲ್ಲಿ ಹರಡಬೇಕು. ಬಿಸಿಯಿದ್ದಾಗ ಅದು ಮೆತ್ತಗೆಯೇ ಇರುತ್ತದೆ, ಆರುವಾಗ ಬಿಗಿಯುತ್ತದೆ. ಇದನ್ನು ತಿಳಿಯದೆ ಇನ್ನೂ ಹುರಿದವರಿಗೆ ಕಹಿಯೇ ಗತಿ. ಬಳ್ಳಾರಿಯ ಒಣಹವೆಯಲ್ಲಿ ಮಳೆಗಾಲವನ್ನು ಬಿಟ್ಟರೆ ಈ ತೊಂದರೆ ಕರಾವಳಿಯಷ್ಟು ಇಲ್ಲ. ಇಲ್ಲಿನ ಶತ್ರು ಬೇಸಿಗೆಯ ಉಷ್ಣ: ತಾಪ 40 ಡಿಗ್ರಿ ದಾಟುವ ತಿಂಗಳುಗಳಲ್ಲಿ ಬೀಜಗಳ ಎಣ್ಣೆ ಗಾಳಿಯ ಆಮ್ಲಜನಕದೊಂದಿಗೆ ಬೇಗ ಕೂಡಿ ಕಮಟು ವಾಸನೆ ಹಿಡಿಯುತ್ತದೆ, ಇದನ್ನು ಹುರಿದು ಸರಿಪಡಿಸಲಾಗದು. ಏಪ್ರಿಲ್, ಮೇ ತಿಂಗಳಲ್ಲಿ ತೆರೆದ ಪೊಟ್ಟಣವನ್ನು ಬಿಗಿಮುಚ್ಚಳದ ಡಬ್ಬಿಗೆ ಸುರಿದು ಫ್ರಿಜ್ಜಿನಲ್ಲಿ ಇಡುವುದೇ ಸರಿ.

ಒಗ್ಗರಣೆಯ ವಿದ್ಯೆಯನ್ನು ಗ್ರನೋಲಾಕ್ಕೆ ನೇರವಾಗಿ ಒಯ್ಯಲು ಬರುವುದಿಲ್ಲ. ಎಣ್ಣೆ, ಸಕ್ಕರೆಗಳ ಹೊದಿಕೆ ಇರುವುದರಿಂದ ಅದು ಮಂಡಾಳಿನಂತೆ ನೀರಿನಲ್ಲಿ ಮುಳುಗಿಸಿ ಹಿಂಡುವ ವಸ್ತುವಲ್ಲ. ಸಕ್ಕರೆ ಕರಗಿ ಹೋಗಿ ಓಟ್ಸ್ ಜಿಗಟಾಗುತ್ತದೆ. ಅದಕ್ಕೆ ಒಪ್ಪುವುದು ಖಾರ ಮಂಡಾಳಿನ ವಿಧಾನ. ಬಳ್ಳೊಳ್ಳಿ ಜಜ್ಜಿ, ಒಣಮೆಣಸಿನಕಾಯಿ, ಕರಿಬೇವು, ಶೇಂಗಾ, ಅರಿಶಿನಗಳ ಒಗ್ಗರಣೆಯನ್ನು ವಾಡಿಕೆಯ ಅರ್ಧ ಎಣ್ಣೆಯಲ್ಲಿ ಮಾಡಿ, ಮೊದಲು ಮಂಡಾಳು, ಪುಟಾಣಿಗಳನ್ನು ಹುರಿದು, ಉರಿ ಆರಿಸಿದ ಮೇಲೆ ಕೊನೆಯಲ್ಲಿ ಗ್ರನೋಲಾ ಬೆರೆಸಬೇಕು. ಮೊದಲೇ ಹಾಕಿದರೆ ಅದರ ಸಕ್ಕರೆ ಸೀದುಹೋಗುತ್ತದೆ. ಸಿಹಿ ಮತ್ತು ಖಾರ ಕೂಡಿದ ಈ ಮಿಶ್ರಣ ಸಂಜೆಯ ಚಹಾದ ಜೊತೆಗೆ ಒಗ್ಗುತ್ತದೆ, ಮತ್ತು ಕುರುಗೋಡಿನ ದೊಡ್ಡಬಸವೇಶ್ವರ ಜಾತ್ರೆಯಲ್ಲಿ ಮಂಡಾಳು, ಬೆಂಡು, ಬತ್ತಾಸುಗಳನ್ನು ಒಟ್ಟಿಗೆ ಕಟ್ಟಿಸಿಕೊಂಡು ಬರುವವರಿಗೆ ಇದರ ರುಚಿ ಅಷ್ಟೇನೂ ಅಪರಿಚಿತವಾಗದು. ಸಕ್ಕರೆಯಿಲ್ಲದ ಗ್ರನೋಲಾ ದೊರೆತರೆ ಗಟ್ಟಿ ಮೊಸರು, ಹುರಿದ ಜೀರಿಗೆ, ಚಿಟಿಕೆ ಉಪ್ಪು, ದಾಳಿಂಬೆ ಕಾಳುಗಳೊಂದಿಗೆ ಬೇಸಿಗೆಯ ಬೆಳಗಿಗೆ ಅದಕ್ಕಿಂತ ಒಳ್ಳೆಯದಿಲ್ಲ.

ಸಿಹಿ ಬೇಕೆನ್ನುವವರಿಗೆ ಅಂಜೂರವಿದೆ. ಕಿರು ಆಹಾರೋದ್ಯಮಗಳಿಗೆಂದು ಕೇಂದ್ರ ಸರ್ಕಾರ 2020ರಲ್ಲಿ ಆರಂಭಿಸಿದ ಯೋಜನೆಯ ‘ಒಂದು ಜಿಲ್ಲೆ ಒಂದು ಉತ್ಪನ್ನ’ ಪಟ್ಟಿಯಲ್ಲಿ ಬಳ್ಳಾರಿಯ ಹೆಸರಿನ ಮುಂದೆ ಇರುವುದು ಈ ಹಣ್ಣೇ. ಒಣ ಅಂಜೂರವನ್ನು ಬೆಚ್ಚನೆಯ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಹಿಂಡಿ, ಅರೆದರೆ ಬರುವ ಅಂಟು ಮುದ್ದೆ ಬೆಲ್ಲದ ಪಾಕದ ಕೆಲಸವನ್ನು ಮಾಡುತ್ತದೆ. ಅದಕ್ಕೆ ಗ್ರನೋಲಾ, ಅರಳು, ತರಿಯಾಗಿ ಪುಡಿಮಾಡಿದ ಶೇಂಗಾ ಬೆರೆಸಿ ಉಂಡಿ ಕಟ್ಟಬಹುದು. ಒಣ ಅಂಜೂರದ ತೂಕದಲ್ಲಿ ಅರ್ಧದಷ್ಟು ಸಕ್ಕರೆಯೇ ಆದ್ದರಿಂದ ಈ ಉಂಡಿಯನ್ನು ಸಕ್ಕರೆರಹಿತವೆಂದು ಹೇಳುವುದು ತಪ್ಪಾಗುತ್ತದೆ. ಪಾಕದಲ್ಲಿ ಇಲ್ಲದ ನಾರು ಇದರಲ್ಲಿದೆ ಎಂಬುದಷ್ಟೇ ವ್ಯತ್ಯಾಸ. ಪಾಕದ ಉಂಡಿಯಂತೆ ವಾರಗಟ್ಟಲೆ ನಿಲ್ಲುವ ವಸ್ತುವೂ ಇದಲ್ಲ, ತೇವವಿರುವುದರಿಂದ ಫ್ರಿಜ್ಜಿನಲ್ಲಿಟ್ಟು ಮೂರು ನಾಲ್ಕು ದಿನಗಳಲ್ಲಿ ಮುಗಿಸಬೇಕು. ಕಟ್ಟುವಾಗ ಉಂಡಿ ಒಡೆದರೆ ಅಂಜೂರ ಹೆಚ್ಚಿಸುವ ಬದಲು ಪೊಟ್ಟಣದ ತಳದಲ್ಲಿ ಉಳಿದ ಗ್ರನೋಲಾ ಪುಡಿಗೆ ಒಂದು ಹಿಡಿ ಪುಟಾಣಿ ಪುಡಿ ಸೇರಿಸಿ, ಎರಡು ಚಮಚ ಹಾಲು ಚಿಮುಕಿಸಿ ಕಲಸಿದರೆ ಹಿಡಿತ ಬರುತ್ತದೆ.