ಟಿಸಿ ಬರಲಿಲ್ಲ ಅಂದರೆ ಟಿಕೆಟ್ ಯಾಕೆ?

"ಸರ್, ಅಕ್ಕಲಕೋಟ ರೋಡದಿಂದ ಸೊಲ್ಲಾಪುರಕ್ಕ ನಾಲ್ಕು ಸಲ ಹೋದ್ರೂ ಟಿಸಿ ಬರಂಗಿಲ್ಲ. ಹಂಗಾದ್ರ ಟಿಕೆಟ್ ಯಾಕ ತಗೋಬೇಕ್ರಿ?" ಒಂಬತ್ತನೇ ತರಗತಿಯ ಹುಡುಗನೊಬ್ಬ ಕೇಳಿದ. ತರಗತಿಯೆಲ್ಲ ನಕ್ಕಿತು. ಆದರೆ ಪ್ರಶ್ನೆ ನಕ್ಕು ಬಿಡುವಂಥದ್ದಲ್ಲ.

ಲೆಕ್ಕ ಹಾಕೋಣ. ಟಿಕೆಟ್ 10 ರೂಪಾಯಿ ಎಂದಿಟ್ಟುಕೊಳ್ಳಿ. 1989ರ ರೈಲ್ವೆ ಕಾಯ್ದೆಯ 138ನೇ ಕಲಮಿನ ಪ್ರಕಾರ ಟಿಕೆಟ್ ಇಲ್ಲದೆ ಸಿಕ್ಕರೆ ಪ್ರಯಾಣದ ದರದ ಜೊತೆಗೆ ಕನಿಷ್ಠ 250 ರೂಪಾಯಿ ಹೆಚ್ಚುವರಿ ಕೊಡಬೇಕು. ಒಟ್ಟು 260. ಅಂದರೆ 26 ಸಲದಲ್ಲಿ ಒಮ್ಮೆ ಸಿಕ್ಕಿಬಿದ್ದರೂ ಉಳಿಸಿದ್ದೆಲ್ಲ ಹೋಯಿತು. ಎರಡು ಸಲ ಸಿಕ್ಕರೆ ನಷ್ಟವೇ.

"30 ಸಲಕ್ಕೊಮ್ಮೆ ಟಿಸಿ ಬಂದ್ರ?" ಹುಡುಗ ಬಿಡಲಿಲ್ಲ. ಜಾಣ! ಅದಕ್ಕೇ ಕಾಯ್ದೆ ದಂಡವೊಂದನ್ನೇ ನಂಬಿ ಕೂತಿಲ್ಲ. ಮೋಸ ಮಾಡುವ ಉದ್ದೇಶದಿಂದಲೇ ಹತ್ತಿದರೆ 137ನೇ ಕಲಮಿನಲ್ಲಿ ಆರು ತಿಂಗಳವರೆಗೆ ಜೈಲು, ಇಲ್ಲವೆ 1000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ ಆಗಬಹುದು. ಇನ್ನೊಂದು ಉಪಾಯ, ಯಾವತ್ತು ತಪಾಸಣೆ ಎಂದು ಯಾರಿಗೂ ಗೊತ್ತಾಗದಂತೆ ನೋಡಿಕೊಳ್ಳುವುದು. ಮುಂಬಯಿ ಲೋಕಲ್ ಸ್ಟೇಷನ್‌ಗಳಲ್ಲಿ ಒಂದು ದಿನ ಇದ್ದಕ್ಕಿದ್ದಂತೆ ಹೊರಬೀಳುವ ದಾರಿಗಳಲ್ಲೆಲ್ಲ ಟಿಸಿಗಳು ನಿಂತುಬಿಡುತ್ತಾರೆ. ಅದನ್ನು 'ಫೋರ್ಟ್ರೆಸ್ ಚೆಕ್' ಅಂತಾರೆ. ನಮ್ಮ ಸೊಲ್ಲಾಪುರದ ಭುಯಿಕೋಟ ಕಿಲ್ಲೆ ನೋಡಿದವರಿಗೆ ಆ ಹೆಸರು ಯಾಕೆ ಬಂತೆಂದು ಹೇಳಬೇಕಿಲ್ಲ. ಜರ್ಮನಿಯ ಬರ್ಲಿನ್‌ನಲ್ಲೂ ಮೆಟ್ರೋ ಸ್ಟೇಷನ್ನಿಗೆ ಗೇಟಿಲ್ಲ. ಸಾದಾ ಬಟ್ಟೆಯಲ್ಲಿ ಬರುವ ತಪಾಸಣೆಯವರು ಹಿಡಿದರೆ 60 ಯೂರೋ.

ಬೆಂಗಳೂರಿನ ನಮ್ಮ ಮೆಟ್ರೋ ದಾರಿ ಬೇರೆ. 2011ರ ಅಕ್ಟೋಬರ್ 20ರಂದು ಶುರುವಾದ ಈ ರೈಲಿನಲ್ಲಿ ಟಿಸಿಯ ಕೆಲಸದ ಬಹುಪಾಲನ್ನು ಗೇಟೇ ಮಾಡುತ್ತದೆ. ಪ್ಲಾಸ್ಟಿಕ್ ಬಿಲ್ಲೆಯಂಥ ಟೋಕನ್ ಮುಟ್ಟಿಸಿದರೆ ಗೇಟು ತೆರೆಯುತ್ತದೆ. ಟೋಕನ್ನಿನಲ್ಲಿ ಬ್ಯಾಟರಿ ಇಲ್ಲ! ಹಾಗಾದರೆ ಕರೆಂಟು ಎಲ್ಲಿಂದ ಬಂತು?

ನಿಮ್ಮ ವಿಜ್ಞಾನ ಪುಸ್ತಕದಲ್ಲಿ ಫ್ಯಾರಡೆ ಇದ್ದಾನಲ್ಲ, ಅವನಿಂದ. ಬದಲಾಗುವ ಕಾಂತಕ್ಷೇತ್ರದಲ್ಲಿ ಸುರುಳಿ ಇಟ್ಟರೆ ಅದರಲ್ಲಿ ವಿದ್ಯುತ್ ಹುಟ್ಟುತ್ತದೆ ಎಂದು 1831ರಲ್ಲಿ ಅವನು ತೋರಿಸಿದ. ಗೇಟಿನ ರೀಡರ್ ಸೆಕೆಂಡಿಗೆ 1 ಕೋಟಿ 35 ಲಕ್ಷಕ್ಕೂ ಹೆಚ್ಚು ಸಲ ದಿಕ್ಕು ಬದಲಿಸುವ ಕಾಂತಕ್ಷೇತ್ರ ಹರಡುತ್ತಿರುತ್ತದೆ. ಟೋಕನ್ನಿನೊಳಗಿನ ತೆಳು ಸುರುಳಿ ಹತ್ತಿರ ಬಂದ ಕೂಡಲೇ ಅದರಲ್ಲಿ ಕರೆಂಟು ಹುಟ್ಟಿ, ಪುಟ್ಟ ಚಿಪ್ ಎಚ್ಚರವಾಗಿ ತನ್ನ ಗುರುತು ಹೇಳುತ್ತದೆ. ಇಷ್ಟೆಲ್ಲ ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ. ಇಳಿದ ಮೇಲೆ ಟೋಕನ್ನನ್ನು ಗೇಟಿನ ಸೀಳಿಗೆ ಹಾಕಬೇಕು, ಅದು ಮತ್ತೊಬ್ಬರಿಗೆ ಟಿಕೆಟ್ ಆಗುತ್ತದೆ. ಕಾರ್ಡ್ ಇದ್ದವರಿಗೆ ಹತ್ತಿದ ಸ್ಟೇಷನ್ ನೋಡಿ ಹೊರಗೆ ಹೋಗುವಾಗ ದುಡ್ಡು ಕಡಿತವಾಗುತ್ತದೆ. ಮೊಬೈಲಿನ ಕ್ಯೂಆರ್ ಟಿಕೆಟ್ಟೂ ಬಂದಿದೆ. ಫೋನಿನ ಚಾರ್ಜ್ ಮುಗಿದರೆ ಮಾತ್ರ ಫಜೀತಿ.

ಗೇಟು ಲೆಕ್ಕ ತಪ್ಪುವುದಿಲ್ಲ, ಸರಿ. ಆದರೆ ಪಾಸು ಮನೆಯಲ್ಲಿ ಮರೆತು ಅಳುವ ಮಗುವಿನ ಮುಖ ಅದಕ್ಕೆ ತಿಳಿಯದು. ರೈಲ್ವೆ ಕಾಯ್ದೆ ಇದನ್ನು ಯೋಚಿಸಿದೆ. ಗಂಡಸರ ಜೊತೆಯಿಲ್ಲದ ಹೆಂಗಸರನ್ನಾಗಲಿ ಮಕ್ಕಳನ್ನಾಗಲಿ ಟಿಕೆಟ್ ಇಲ್ಲವೆಂದು ಕಂಡಕಂಡಲ್ಲಿ ಇಳಿಸುವಂತಿಲ್ಲ. ಹತ್ತಿದ ಸ್ಟೇಷನ್, ಜಂಕ್ಷನ್, ಕೊನೆಯ ಸ್ಟೇಷನ್ ಅಥವಾ ಜಿಲ್ಲಾ ಕೇಂದ್ರದಲ್ಲಿ, ಅದೂ ಹಗಲಿನಲ್ಲಿ ಮಾತ್ರ ಇಳಿಸಬಹುದು. ನಮ್ಮ ದಾರಿಯಲ್ಲಿ ಹೇಳುವುದಾದರೆ, ಹೋಟಗಿ ಜಂಕ್ಷನ್ ಆದೀತು, ತಿಲಾಟಿ ಆಗದು. ಇದು 139ನೇ ಕಲಮು. ನೆನಪಿರಲಿ, ಮನೆಯಲ್ಲೂ ಹೇಳಿ.

ಆ ಹುಡುಗನಿಗೆ ಮನೆಗೆಲಸ ಕೊಟ್ಟಿದ್ದೇನೆ, ನೀವೂ ಮಾಡ್ರಿ: ಟಿಕೆಟ್ 30 ರೂಪಾಯಿ ಆದರೆ, ಎಷ್ಟು ಸಲಕ್ಕೊಮ್ಮೆ ಟಿಸಿ ಬಂದರೆ ಲೆಕ್ಕ ಸಮ ಆಗುತ್ತದೆ?