ಬಯಲಿಗೆ ಬಯಲೇ ನೆಂಟ

ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವೆ ಇರುವ ರಾಯಾಪುರ ಇವತ್ತು ಕಾರ್ಖಾನೆಗಳ, ಇಸ್ಕಾನ್ ಮಂದಿರದ, ಚಿಗರಿ ಬಸ್ಸುಗಳ ಊರು. ನೆಲದ ಲೆಕ್ಕದಲ್ಲಿ ನೋಡಿದರೆ ಅದೊಂದು ಅಂಚು. ಇಲ್ಲಿಂದ ಪಡುವಣಕ್ಕೆ ಸರಿದಷ್ಟೂ ಮಳೆ ಹೆಚ್ಚುತ್ತದೆ, ಅಳ್ನಾವರ, ಕಲಘಟಗಿಯ ಕಾಡು ಎದುರಾಗುತ್ತದೆ. ಮೂಡಣಕ್ಕೆ ಹೋದಷ್ಟೂ ಮಳೆ ತಗ್ಗುತ್ತದೆ, ಮರಗಳು ವಿರಳವಾಗುತ್ತವೆ, ನವಲಗುಂದ, ಅಣ್ಣಿಗೇರಿ, ಗದಗಿನ ಎರೆ ಬಯಲು ಕಣ್ಣು ಹಾಯುವಷ್ಟು ದೂರ ಹರಡಿಕೊಳ್ಳುತ್ತದೆ. ಹಿಂಗಾರಿ ಬೆಳೆ ನಿಂತಿರುವ ಚಳಿಗಾಲದಲ್ಲಿ ಈ ಬಯಲಿಗೆ ಬಂದಿಳಿಯುವ ಹಕ್ಕಿಗಳಲ್ಲಿ ಅನೇಕವು ಹುಟ್ಟಿದ್ದು ಇನ್ನೊಂದು ಬಯಲಿನಲ್ಲಿ: ಹಿಮಾಲಯದ ಆಚೆ, ಕಝಾಕಸ್ತಾನ ಮತ್ತು ಮಂಗೋಲಿಯಾದ ಸ್ಟೆಪ್ಪಿ ಹುಲ್ಲುಗಾವಲಿನಲ್ಲಿ, ಅದರ ಅಂಚಿನ ಪರ್ವತಗಳ ಸರೋವರಗಳಲ್ಲಿ. ಆ ನಾಡಿನ ಕಥೆ ತಿಳಿಯದೆ ನಮ್ಮ ಬಯಲಿನ ಕಥೆ ಪೂರ್ತಿಯಾಗುವುದಿಲ್ಲ.

ಎರಡು ಕಪ್ಪು ನೆಲ

ಸ್ಟೆಪ್ಪಿ ಎಂದರೆ ಹಂಗೇರಿಯಿಂದ ಮಂಚೂರಿಯಾದವರೆಗೆ ಸುಮಾರು 8,000 ಕಿಲೋಮೀಟರ್ ಉದ್ದಕ್ಕೆ ಹಬ್ಬಿದ ಹುಲ್ಲಿನ ಪಟ್ಟಿ. ಮರ ಬೆಳೆಯಲು ಸಾಲದಷ್ಟು, ಮರುಭೂಮಿಯಾಗದಷ್ಟು ಮಳೆ ಅಲ್ಲಿ ಬೀಳುತ್ತದೆ. ಬೇಸಿಗೆಯಲ್ಲಿ ಸುಡುವ ಬಿಸಿಲು, ಚಳಿಗಾಲದಲ್ಲಿ ಎಲುಬು ಕೊರೆಯುವ ಹಿಮ. ಅದರ ಉತ್ತರ ಭಾಗದ ಮಣ್ಣು ನಮ್ಮ ಎರೆ ಭೂಮಿಯ ಹಾಗೆಯೇ ಕಪ್ಪು. ಕಪ್ಪಿಗೆ ಕಾರಣ ಮಾತ್ರ ಬೇರೆ. ಅಲ್ಲಿ ಸಾವಿರಾರು ವರ್ಷ ಹುಲ್ಲಿನ ಬೇರು ಕೊಳೆತು ಸೇರಿದ ಸಾವಯವ ಅಂಶದಿಂದ ನೆಲ ಕಪ್ಪಾಯಿತು. ನಮ್ಮಲ್ಲಿ ಬಂಡೆ ಶಿಥಿಲಗೊಂಡು ಉಂಟಾದ ಜಿಗುಟು ಜೇಡಿಯೇ ಮುಖ್ಯ. ಮಳೆಗೆ ಉಬ್ಬಿ, ಬೇಸಿಗೆಗೆ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡುವುದು ಅದರ ಗುಣ.

ಕಾರಣ ಬೇರೆಯಾದರೂ ಹಕ್ಕಿಗೆ ಬೇಕಾದ್ದು ಎರಡೂ ಕಡೆ ಒಂದೇ. ತೆರೆದ ನೆಲ, ಕಾಳು, ಮಿಡತೆ, ದೂರದಿಂದಲೇ ಶತ್ರು ಕಾಣುವ ನೋಟ. ಬೇಸಿಗೆಯ ಕೆಲವೇ ತಿಂಗಳು ಸ್ಟೆಪ್ಪಿ ಈ ಎಲ್ಲವನ್ನೂ ಧಾರಾಳವಾಗಿ ಕೊಡುತ್ತದೆ. ಹಿಮ ಬಿದ್ದು ನೆಲ ಮುಚ್ಚಿಹೋದಾಗ ಅದೇ ಊಟ ನಮ್ಮ ಬಿಳಿಜೋಳ, ಕಡಲೆ, ಶೇಂಗಾ ಹೊಲಗಳಲ್ಲಿ ಸಿಗುತ್ತದೆ.

ಮಾಗಡಿಗೆ ಬರುವ ದಾರಿ

ರಾಯಾಪುರದಿಂದ ಲಕ್ಷ್ಮೇಶ್ವರದ ದಿಕ್ಕಿಗೆ ಹೊರಟರೆ ಸುಮಾರು ಎರಡು ತಾಸಿನಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆ ಸಿಗುತ್ತದೆ. ನೀರಾವರಿಗಾಗಿ ಮಳೆನೀರು ಹಿಡಿಯಲು ಜನ ಕಟ್ಟಿದ ಕೆರೆ ಇದು. ವಿಸ್ತಾರ ಸುಮಾರು 50 ಹೆಕ್ಟೇರ್. ಚಳಿಗಾಲದಲ್ಲಿ ಇಲ್ಲಿ ಸಾವಿರಾರು ಪಟ್ಟೆತಲೆ ಹೆಬ್ಬಾತುಗಳು ಸೇರುತ್ತವೆ. ದಕ್ಷಿಣ ಭಾರತದಲ್ಲಿ ಈ ಹಕ್ಕಿ ಚಳಿಗಾಲ ಕಳೆಯುವ ಬಹು ದೊಡ್ಡ ನೆಲೆಗಳಲ್ಲಿ ಇದೂ ಒಂದು. 2024ರಲ್ಲಿ ಮಾಗಡಿ ಕೆರೆ ಅಂತರರಾಷ್ಟ್ರೀಯ ಮಹತ್ವದ ಜೌಗು ನೆಲೆಗಳ ರಾಮ್ಸಾರ್ ಪಟ್ಟಿ ಸೇರಿತು. ಬೂದುಬಣ್ಣದ ಮೈ, ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟೆ: ಒಮ್ಮೆ ನೋಡಿದರೆ ಮರೆಯುವ ಹಕ್ಕಿಯಲ್ಲ.

ಈ ಹೆಬ್ಬಾತು ಮರಿ ಮಾಡುವುದು ಮಂಗೋಲಿಯಾ, ಕಿರ್ಗಿಸ್ತಾನ, ಟಿಬೆಟ್ ಮತ್ತು ನಮ್ಮ ಲಡಾಖಿನ ಎತ್ತರದ ಸರೋವರಗಳಲ್ಲಿ. ಮೈಸೂರು ಜಿಲ್ಲೆಯ ಹದಿನಾರು ಕೆರೆಯಲ್ಲಿ ಕಂಡ ಕೆಲವು ಹೆಬ್ಬಾತುಗಳ ಕೊರಳಲ್ಲಿ ಮಂಗೋಲಿಯಾದ ವಿಜ್ಞಾನಿಗಳು ತೊಡಿಸಿದ ಪಟ್ಟಿ ಇತ್ತು. ಅಲ್ಲಿಂದ ಇಲ್ಲಿಗೆ ಬರಲು ನಡುವೆ ಹಿಮಾಲಯ ದಾಟಲೇಬೇಕು.

ಎರಡು ಮೂರು ಕಿಲೋ ತೂಗುವ ಹಕ್ಕಿ ರೆಕ್ಕೆ ಬಡಿಯುತ್ತಲೇ ಈ ಪರ್ವತ ದಾಟುವುದು ಹೇಗೆ? ಹದ್ದುಗಳಂತೆ ಬಿಸಿಗಾಳಿಯ ಮೇಲೆ ತೇಲುವ ಸುಖ ಇದಕ್ಕಿಲ್ಲ. 5,500 ಮೀಟರ್ ಎತ್ತರದಲ್ಲಿ ಗಾಳಿಯಲ್ಲಿರುವ ಆಮ್ಲಜನಕ ಸಮುದ್ರಮಟ್ಟದ ಅರ್ಧದಷ್ಟು ಮಾತ್ರ. ಗಾಳಿ ತೆಳುವಾದಷ್ಟೂ ರೆಕ್ಕೆಗೆ ಆಸರೆಯೂ ಕಡಿಮೆ. ವಿಜ್ಞಾನಿ ಲೂಸಿ ಹಾಕ್ಸ್ ಮತ್ತು ಸಂಗಡಿಗರು ಹೆಬ್ಬಾತುಗಳ ಬೆನ್ನಿಗೆ ಉಪಗ್ರಹ ಸಾಧನ ಕಟ್ಟಿ ಹಿಂಬಾಲಿಸಿದಾಗ ದಾಖಲಾದ ಗರಿಷ್ಠ ಎತ್ತರ 7,290 ಮೀಟರ್. ಹೆಚ್ಚಿನ ಹಾರಾಟ ರಾತ್ರಿಯಲ್ಲಿ, ನಸುಕಿನಲ್ಲಿ ನಡೆಯುತ್ತದೆ. ಆಗ ಗಾಳಿ ತಂಪಾಗಿ, ದಟ್ಟವಾಗಿ ಇರುತ್ತದೆ. 2015ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಅವುಗಳ ಎದೆಬಡಿತವನ್ನೂ ಅಳೆಯಿತು. ಒಮ್ಮೆ ಮೇಲೇರಿ ಅದೇ ಎತ್ತರದಲ್ಲಿ ಸಾಗುವ ಬದಲು, ಕಣಿವೆ ಬಂದಲ್ಲಿ ಇಳಿದು, ಶಿಖರ ಬಂದಲ್ಲಿ ಏರಿ, ನೆಲದ ಏರಿಳಿತಕ್ಕೆ ಹೊಂದಿಕೊಂಡು ಹಾರಿದರೆ ಒಟ್ಟು ಶ್ರಮ ಕಡಿಮೆಯಾಗುತ್ತದೆ. ಹೆಬ್ಬಾತು ಹಾಗೆಯೇ ಹಾರುತ್ತದೆ.

ದೇಹವೂ ಈ ಪಯಣಕ್ಕೆಂದೇ ಒಗ್ಗಿದೆ. ಅದರ ಶ್ವಾಸಕೋಶ ಇತರ ಬಾತುಗಳಿಗಿಂತ ದೊಡ್ಡದು, ಉಸಿರು ಆಳವಾದದ್ದು. ಹಿಮೋಗ್ಲೋಬಿನ್‌ನಲ್ಲಿ ಆದ ಸಣ್ಣ ಬದಲಾವಣೆಯಿಂದ ರಕ್ತ ಆಮ್ಲಜನಕವನ್ನು ಬಿಗಿಯಾಗಿ ಹಿಡಿಯುತ್ತದೆ. ರೆಕ್ಕೆಯ ಸ್ನಾಯುಗಳಲ್ಲಿ ಸೂಕ್ಷ್ಮ ರಕ್ತನಾಳಗಳು ಒತ್ತಾಗಿವೆ. ಜೆಸ್ಸಿಕಾ ಮೀರ್ ಎಂಬ ವಿಜ್ಞಾನಿ ಮೊಟ್ಟೆಯೊಡೆದ ಗಳಿಗೆಯಿಂದ ಹೆಬ್ಬಾತು ಮರಿಗಳನ್ನು ತಾಯಿಯಂತೆ ಸಾಕಿ, ಕೆನಡಾದ ಗಾಳಿಸುರಂಗದೊಳಗೆ ಮುಖವಾಡ ತೊಡಿಸಿ ಹಾರಿಸಿದರು. ಸುಮಾರು 9,000 ಮೀಟರ್ ಎತ್ತರದಷ್ಟು ಆಮ್ಲಜನಕದ ಕೊರತೆ ಉಂಟುಮಾಡಿದಾಗಲೂ ಹಕ್ಕಿಗಳು ಹಾರಿದವು. ದೇಹ ಶಕ್ತಿಯ ಖರ್ಚನ್ನು ತಗ್ಗಿಸಿಕೊಂಡಿತ್ತು. ಮೈಯಿಂದ ಹೃದಯಕ್ಕೆ ಮರಳುವ ರಕ್ತ ತಂಪಾಗಿತ್ತು. ರಕ್ತ ತಂಪಾದಷ್ಟೂ ಅದು ಹೊರುವ ಆಮ್ಲಜನಕ ಹೆಚ್ಚು. ಈ ಅಧ್ಯಯನ ಪ್ರಕಟವಾದ 2019ರಲ್ಲೇ ಜೆಸ್ಸಿಕಾ ಮೀರ್ ಗಗನಯಾತ್ರಿಯಾಗಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದರು.

ಮಂಗನ ಕಾಯಿಲೆ ಎತ್ತಿದ ಪ್ರಶ್ನೆ

ನಮ್ಮ ಹಕ್ಕಿಗಳಿಗೂ ಮಧ್ಯ ಏಷ್ಯಾಕ್ಕೂ ಇರುವ ನಂಟನ್ನು ವ್ಯವಸ್ಥಿತವಾಗಿ ಹುಡುಕಲು ನೆಪವಾದದ್ದು ಕರ್ನಾಟಕದ್ದೇ ಒಂದು ಸಂಕಟ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು, ಸುತ್ತಲಿನ ಹಳ್ಳಿಗಳ ಜನ ಮುಂದೆ ಮಂಗನ ಕಾಯಿಲೆ ಎನಿಸಿಕೊಂಡ ಜ್ವರಕ್ಕೆ ತುತ್ತಾದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಉಣ್ಣಿಗಳಿಂದ ಹರಡುವ ಹೊಸ ವೈರಸ್ಸನ್ನು ಗುರುತಿಸಿದರು. ಆಗ ಗೊತ್ತಿದ್ದ ಅದರ ಹತ್ತಿರದ ಸಂಬಂಧಿಗಳು ರಷ್ಯಾದಲ್ಲಿದ್ದವು. ಅವುಗಳಲ್ಲೊಂದು ಪಶ್ಚಿಮ ಸೈಬೀರಿಯಾದ ಓಮ್ಸ್ಕ್ ಜ್ವರದ ವೈರಸ್.

ಹಾಗಾದರೆ ವಲಸೆ ಹಕ್ಕಿಗಳ ಮೈಮೇಲಿನ ಉಣ್ಣಿಗಳ ಮೂಲಕ ಈ ರೋಗ ಉತ್ತರದಿಂದ ಬಂದಿರಬಹುದೇ? ಇದಕ್ಕೆ ಉತ್ತರ ಬೇಕಿದ್ದರೆ ಯಾವ ಹಕ್ಕಿ ಎಲ್ಲಿಂದ ಬರುತ್ತದೆ ಎಂಬುದು ಮೊದಲು ತಿಳಿಯಬೇಕಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನೊಂದಿಗೆ ಪಕ್ಷಿತಜ್ಞ ಸಲೀಂ ಅಲಿಯವರ ಮುಂದಾಳತ್ವದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ದೊಡ್ಡ ಪ್ರಮಾಣದಲ್ಲಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸತೊಡಗಿತು. ಭರತಪುರದಲ್ಲಿ ಉಂಗುರ ತೊಟ್ಟ ಬಾತುಗಳು ಕಝಾಕಸ್ತಾನದಲ್ಲಿ, ಸೈಬೀರಿಯಾದಲ್ಲಿ ಸಿಕ್ಕವು.

ಮಂಗನ ಕಾಯಿಲೆಯನ್ನು ತಂದ ಅಪವಾದ ಹಕ್ಕಿಗಳ ಮೇಲೆ ನಿಲ್ಲಲಿಲ್ಲ. ವೈರಸ್ ಮಲೆನಾಡಿನ ಕಾಡಿನದ್ದೇ, ಅದನ್ನು ದಾಟಿಸುವ ಉಣ್ಣಿಯೂ ಅಲ್ಲಿಯದ್ದೇ. ಆದರೆ ಆ ಅನುಮಾನದಿಂದ ಹುಟ್ಟಿದ ಹುಡುಕಾಟ ಭಾರತದ ಕೆರೆಗಳನ್ನೂ ಮಧ್ಯ ಏಷ್ಯಾದ ಹುಲ್ಲುಗಾವಲನ್ನೂ ಪುರಾವೆಯ ಸಮೇತ ಜೋಡಿಸಿತು.

ಕಬ್ಬಕ್ಕಿ ಮತ್ತು ಸೆಳೆವ

ಹೆಬ್ಬಾತಿಗಿಂತ ಮೊದಲೇ ಬರುವ ಅತಿಥಿ ಗುಲಾಬಿ ಕಬ್ಬಕ್ಕಿ. ಕಝಾಕ್ ಬಯಲಿನ ಕಲ್ಲುರಾಶಿಗಳ ಸಂದಿಯಲ್ಲಿ ಸಾವಿರಾರು ಜೋಡಿಗಳು ಒಟ್ಟಾಗಿ ಗೂಡು ಕಟ್ಟುತ್ತವೆ, ಮಿಡತೆ ಹೇರಳವಾಗಿರುವ ಕೆಲವೇ ವಾರಗಳಲ್ಲಿ ಮರಿ ಬೆಳೆಸಿ ಮುಗಿಸುತ್ತವೆ. ಮಿಡತೆ ಹಾವಳಿ ತಡೆಯಲೆಂದೇ ಚೀನಾದ ಷಿಂಜಿಯಾಂಗ್‌ನಲ್ಲಿ ಇವುಗಳಿಗೆ ಕಲ್ಲಿನ ಗೂಡು ಕಟ್ಟಿಕೊಟ್ಟಿದ್ದಾರೆ. ಆಗಸ್ಟ್ ಹೊತ್ತಿಗೆ ದಖ್ಖನ್ನಿಗೆ ಬಂದ ಹಿಂಡುಗಳು ಏಪ್ರಿಲ್‌ವರೆಗೂ ಇಲ್ಲಿರುತ್ತವೆ. ಹಾಲುಗಾಳಿನ ಜೋಳಕ್ಕೆ ಎರಗುವುದರಿಂದ ರೈತರಿಗೆ ಇವುಗಳ ಮೇಲೆ ಸಿಟ್ಟು. ಅದು ನ್ಯಾಯವಾದ ಸಿಟ್ಟೇ. ಆದರೆ ಇದೇ ಹಿಂಡು ನಮ್ಮ ಹೊಲದ ಮಿಡತೆಗಳನ್ನೂ ಹೆಕ್ಕುತ್ತದೆ, ಮುತ್ತುಗ ಮತ್ತು ಬೂರುಗದ ಹೂವಿಗೆ ಮುಖವಿಟ್ಟು ಪರಾಗ ಒಯ್ಯುತ್ತದೆ.

ಇನ್ನೊಬ್ಬ ಅತಿಥಿ ಸೆಳೆವ. ಬಿಳಿ ಸೆಳೆವ, ಮಾಂಟೆಗು ಸೆಳೆವ ಎಂಬ ಈ ಬೇಟೆ ಹಕ್ಕಿಗಳು ಹುಲ್ಲಿನ ತುದಿಗೆ ತಾಗುವಷ್ಟು ತಗ್ಗಿನಲ್ಲಿ ತೇಲುತ್ತ ಮಿಡತೆ, ಇಲಿ ಹಿಡಿಯುತ್ತವೆ. ರಾತ್ರಿ ಮರ ಏರುವುದಿಲ್ಲ. ಎತ್ತರದ ಹುಲ್ಲಿನ ನಡುವೆ ನೆಲದ ಮೇಲೆಯೇ ಗುಂಪಾಗಿ ಮಲಗುತ್ತವೆ. ಹುಲ್ಲು ಹೋದರೆ ಇವುಗಳ ಊಟವೂ ಹೋಗುತ್ತದೆ, ಹಾಸಿಗೆಯೂ ಹೋಗುತ್ತದೆ.

ಹುಲ್ಲಿನ ಬೆನ್ನುಹತ್ತಿದ ಜನ

ಸ್ಟೆಪ್ಪಿಯ ಜನರ ಇತಿಹಾಸವೂ ಹುಲ್ಲಿನದ್ದೇ ಇತಿಹಾಸ. ಉತ್ತರ ಕಝಾಕಸ್ತಾನದ ಬೊತಾಯ್‌ನಲ್ಲಿ ಸುಮಾರು 5,500 ವರ್ಷಗಳ ಹಿಂದೆ ಜನ ಕುದುರೆಗಳೊಂದಿಗೆ ಬದುಕುತ್ತಿದ್ದ ಕುರುಹುಗಳಿವೆ. ಇಂದಿನ ಸಾಕು ಕುದುರೆಗಳ ತಳಿ ಮಾತ್ರ ವೋಲ್ಗಾ ಮತ್ತು ಡಾನ್ ನದಿಗಳ ಸೀಮೆಯಿಂದ ಸುಮಾರು 4,200 ವರ್ಷಗಳ ಹಿಂದೆ ಹರಡಿತೆಂದು 2021ರ ಡಿಎನ್ಎ ಅಧ್ಯಯನ ತೋರಿಸಿತು. ಭಟ್ಕಳ, ಗೋವಾ ಬಂದರುಗಳಲ್ಲಿ ಇಳಿದು ವಿಜಯನಗರದ ಲಾಯ ಸೇರಿದ ಕುದುರೆಗಳ ಮೂಲವೂ ಆ ಹುಲ್ಲುಗಾವಲೇ.

ಕಝಾಕರು, ಕಿರ್ಗಿಜರು ಬೇಸಿಗೆಯಲ್ಲಿ ಪರ್ವತದ ಮೇಲಿನ ಮೇವಿಗೆ, ಚಳಿಗಾಲದಲ್ಲಿ ತಗ್ಗಿನ ಆಸರೆಗೆ ಕುರಿ, ಕುದುರೆ ಹೊಡೆದುಕೊಂಡು ಹೋಗುತ್ತಿದ್ದರು. ಮೇಯ್ದ ನೆಲಕ್ಕೆ ವಿಶ್ರಾಂತಿ ಕೊಡುವ ಈ ಜಾಣ್ಮೆ ನಮ್ಮ ಕುರುಬರಲ್ಲೂ ಇದೆ. ಮಳೆ ನೋಡಿಕೊಂಡು ಹಿಂಡು ಸಾಗಿಸುವುದು, ಸುಗ್ಗಿಯ ನಂತರ ಹೊಲದಲ್ಲಿ ಕುರಿ ನಿಲ್ಲಿಸಿ ಗೊಬ್ಬರ ಕೊಡುವುದು, ಆ ಉಣ್ಣೆಯಿಂದ ಮೆಡ್ಲೇರಿಯಂಥ ಊರುಗಳಲ್ಲಿ ಕಂಬಳಿ ನೇಯುವುದು ಇವೆಲ್ಲ ಒಂದೇ ವಿದ್ಯೆಯ ಕೊಂಡಿಗಳು. 1930ರ ದಶಕದ ಆರಂಭದಲ್ಲಿ ಸೋವಿಯತ್ ಸರ್ಕಾರ ಕಝಾಕರ ಹಿಂಡುಗಳನ್ನು ಕಿತ್ತುಕೊಂಡು, ಅವರನ್ನು ಬಲವಂತವಾಗಿ ಒಂದೆಡೆ ನೆಲೆಗೊಳಿಸಿತು. ಹಿಂಬಾಲಿಸಿದ ಬರದಲ್ಲಿ ಸುಮಾರು 15 ಲಕ್ಷ ಜನ ಸತ್ತರು.

ಬಂಜರು ಎಂದು ಕರೆದಾಗ

1954ರಲ್ಲಿ ಸೋವಿಯತ್ ನಾಯಕ ಕ್ರುಶ್ಚೇವ್ ಸ್ಟೆಪ್ಪಿಯನ್ನು ಉತ್ತು ಗೋಧಿ ಬೆಳೆಯುವ ಆಂದೋಲನ ಶುರುಮಾಡಿದರು. 1960ರ ಹೊತ್ತಿಗೆ ಕಝಾಕಸ್ತಾನವೊಂದರಲ್ಲೇ ಸುಮಾರು 2.5 ಕೋಟಿ ಹೆಕ್ಟೇರ್ ಹುಲ್ಲುಗಾವಲಿಗೆ ನೇಗಿಲು ಬಿತ್ತು. ಇಡೀ ಕರ್ನಾಟಕದ ವಿಸ್ತೀರ್ಣಕ್ಕಿಂತ ಇದು ಹೆಚ್ಚು. ಮೊದಲ ಫಸಲುಗಳು ಹುಲುಸಾಗಿದ್ದವು. ಬೇರಿನ ಹಿಡಿತ ತಪ್ಪಿದ ಮಣ್ಣು 1960ರ ದಶಕದಲ್ಲಿ ಧೂಳಿನ ಬಿರುಗಾಳಿಯಾಗಿ ಎದ್ದಿತು.

ನಾವೂ ಅದೇ ದಾರಿ ಹಿಡಿದೆವು. ಕಂದಾಯ ದಾಖಲೆಯಲ್ಲಿ ಹುಲ್ಲುಗಾವಲನ್ನು ಬಂಜರು ಎಂದು ಬರೆದೆವು; ಬಂಜರನ್ನು ಉದ್ಧರಿಸಲು ಮರ ನೆಟ್ಟೆವು. ರಾಣೇಬೆನ್ನೂರಿನ ಬಯಲಿನಲ್ಲಿ ನೀಲಗಿರಿ ತೋಪುಗಳು ಎದ್ದವು. 1974ರಲ್ಲಿ ಅಲ್ಲಿ ಕೃಷ್ಣಮೃಗ ಅಭಯಾರಣ್ಯ ಘೋಷಣೆಯಾಯಿತು, ಚಿಗರಿಗಳು ಉಳಿದವು. ಆದರೆ ವಿಶಾಲ ತೆರೆದ ನೆಲವಿಲ್ಲದೆ ಬದುಕಲಾರದ ಎರೆಭೂತ ಹಕ್ಕಿ ಅಲ್ಲಿಂದ ಮರೆಯಾಯಿತು.

ಕಳೆದುಕೊಂಡದ್ದನ್ನು ಮರಳಿ ಪಡೆಯಬಹುದು ಎಂಬುದಕ್ಕೂ ಸ್ಟೆಪ್ಪಿಯೇ ಸಾಕ್ಷಿ. ಅಲ್ಲಿ ಸೈಗಾ ಎಂಬ ಚಿಗರಿಯಿದೆ. ಜೋಲುಬಿದ್ದ ದಪ್ಪ ಮೂಗು ಬೇಸಿಗೆಯಲ್ಲಿ ಧೂಳು ಸೋಸುತ್ತದೆ, ಚಳಿಯಲ್ಲಿ ಗಾಳಿಯನ್ನು ಬೆಚ್ಚಗಾಗಿಸುತ್ತದೆ. ಸೋವಿಯತ್ ಒಕ್ಕೂಟ ಒಡೆದ ಮೇಲೆ ಕೊಂಬಿಗಾಗಿ ನಡೆದ ಬೇಟೆಯಿಂದ ಅದು ಅಳಿವಿನಂಚಿಗೆ ಬಂತು. 2015ರ ಮೇ ತಿಂಗಳಲ್ಲಿ ಕಝಾಕಸ್ತಾನದ ಬೆತ್ಪಾಕ್ ದಲಾ ಸೀಮೆಯಲ್ಲಿ ಕೆಲವೇ ವಾರಗಳಲ್ಲಿ 2 ಲಕ್ಷಕ್ಕೂ ಹೆಚ್ಚು ಸೈಗಾಗಳು ಸತ್ತವು. ಕೊಂದದ್ದು ಪಾಶ್ಚುರೆಲ್ಲಾ ಮಲ್ಟೋಸಿಡಾ. ಮಳೆಗಾಲದ ಹೊಸ್ತಿಲಲ್ಲಿ ನಮ್ಮ ದನ, ಎಮ್ಮೆಗಳಿಗೆ ಗಂಟಲು ಬೇನೆ ತರುವುದೂ ಇದೇ ಬ್ಯಾಕ್ಟೀರಿಯಾ. ಆ ವರ್ಷದ ಅಸಹಜ ತೇವ ಮತ್ತು ಬೆಚ್ಚನೆಯ ಹವೆಯಲ್ಲಿ, ಸೈಗಾಗಳ ಗಂಟಲಿನಲ್ಲಿ ತೊಂದರೆ ಕೊಡದೆ ಇದ್ದ ಸೂಕ್ಷ್ಮಜೀವಿ ಮಾರಿಯಾಯಿತು.

ಆದರೂ ಸೈಗಾ ಎದ್ದು ನಿಂತಿತು. ಬೇಟೆಗೆ ಕಡಿವಾಣ ಬಿತ್ತು, ಅಲ್ತಿನ್ ದಲಾ ಯೋಜನೆಯಡಿ ವಿಶಾಲ ಹುಲ್ಲುಗಾವಲಿಗೆ ರಕ್ಷಣೆ ದೊರೆಯಿತು. ಉಳುಮೆ ನಿಂತ ಲಕ್ಷಾಂತರ ಹೆಕ್ಟೇರ್ ನೆಲದಲ್ಲಿ ಹುಲ್ಲು ತಾನಾಗಿ ಮರಳಿತ್ತು. 2023ರ ಗಣತಿಯಲ್ಲಿ ಕಝಾಕಸ್ತಾನದ ಸೈಗಾಗಳು ಸುಮಾರು 19 ಲಕ್ಷ. ಅದೇ ಡಿಸೆಂಬರಿನಲ್ಲಿ, ಜೀವಿಗಳ ಅಳಿವಿನ ಅಪಾಯ ಅಳೆಯುವ ಐಯುಸಿಎನ್ ಸಂಸ್ಥೆ ಸೈಗಾವನ್ನು ತೀವ್ರ ಅಪಾಯದ ಪಟ್ಟಿಯಿಂದ ಕೆಳಗಿಳಿಸಿತು.

ನಮ್ಮ ಪಾಲಿನ ಕೆಲಸ

ಮಧ್ಯ ಏಷ್ಯಾದ ವಲಸೆ ಹಾದಿ 30 ದೇಶಗಳಿಗೆ ಸೇರಿದ್ದು. ವಲಸೆ ಜೀವಿಗಳ ಅಂತರರಾಷ್ಟ್ರೀಯ ಸಮಾವೇಶ 2020ರಲ್ಲಿ ಗಾಂಧಿನಗರದಲ್ಲಿ, 2024ರಲ್ಲಿ ಉಜ್ಬೇಕಿಸ್ತಾನದ ಸಮರಕಂದದಲ್ಲಿ ನಡೆಯಿತು. ಈ ಹಾದಿಯ ರಕ್ಷಣೆಗೆ ಭಾರತದಲ್ಲಿ ಸಮನ್ವಯ ಘಟಕವಿರಬೇಕೆಂದು ಸಮರಕಂದದಲ್ಲಿ ಒಪ್ಪಿಗೆಯಾಯಿತು.

ಒಪ್ಪಂದ ದೊಡ್ಡ ಊರುಗಳಲ್ಲಿ ಆಗುತ್ತದೆ, ಅದರ ಪಾಲನೆ ಮಾಗಡಿಯಂಥ ಊರುಗಳಲ್ಲಿ ಆಗಬೇಕು. ಕೆರೆಯ ಹೂಳು ತೆಗೆಯುವಾಗ ಹಕ್ಕಿ ನಿಲ್ಲುವ ತೆಳುನೀರಿನ ಅಂಚು ಉಳಿಯಬೇಕು. ಹೆಬ್ಬಾತು ಮೇಯ್ದ ಹೊಲದ ರೈತನಿಗೆ ಆದ ನಷ್ಟವನ್ನು ಸಮಾಜ ತುಂಬಿಕೊಡಬೇಕು. ಕೆರೆಯ ಕೀರ್ತಿ ಎಲ್ಲರಿಗೂ, ಹಾನಿ ಅವನೊಬ್ಬನಿಗೆ ಎಂದಾಗಬಾರದು. ರಾಯಾಪುರದಿಂದ ಮೂಡಣಕ್ಕೆ ನಗರ ಬೆಳೆಯುತ್ತಿರುವ ಈ ಹೊತ್ತಿನಲ್ಲಿ ಉಳಿದಿರುವ ಗೋಮಾಳ, ಹುಲ್ಲುಗಾವಲುಗಳನ್ನು ಗುರುತಿಸಿ, ದಾಖಲೆಯಲ್ಲಿ ಅವುಗಳಿಗೆ ಬಂಜರಿನ ಬದಲು ಹುಲ್ಲುಗಾವಲೆಂಬ ಸ್ಥಾನ ಕೊಡಬೇಕು. ಕಝಾಕರು ತಮ್ಮ ಬಯಲನ್ನು ಮರಳಿ ಕಟ್ಟುತ್ತಿದ್ದಾರೆ. ಅಲ್ಲಿ ಹುಟ್ಟಿದ ಹಕ್ಕಿಗೆ ಇಲ್ಲಿ ಚಳಿಗಾಲ ಕಳೆಯಲು ನೆಲವಿಲ್ಲದಿದ್ದರೆ ಅವರ ಶ್ರಮ ಅರ್ಧದಲ್ಲೇ ಮುರಿದುಬೀಳುತ್ತದೆ. ಉಳಿದ ಅರ್ಧದ ಹೊಣೆ ನಮ್ಮದು.