ಗುಂಪಿನವರಿಗಿಂತ ಮೊದಲು ನಾವು

ಜನವರಿ 31ರಂದು ಸಂತ ಡಾನ್ ಬೋಸ್ಕೊ ಅವರ ಹಬ್ಬ. ಆಳಂದ, ಅಫಜಲಪುರ, ಜೇವರ್ಗಿಯಿಂದ ದುಡಿಮೆಗಾಗಿ ಬೆಂಗಳೂರು, ಪುಣೆ, ಮುಂಬೈಗೆ ಹೊರಡುವ ಹುಡುಗರಿಗೂ ಈ ಹಬ್ಬಕ್ಕೂ ಹತ್ತಿರದ ನಂಟಿದೆ.

1841ರಲ್ಲಿ ಯಾಜಕದೀಕ್ಷೆ ಪಡೆದ ಡಾನ್ ಬೋಸ್ಕೊ ಇಟಲಿಯ ಟ್ಯುರಿನ್ ನಗರದ ಸೆರೆಮನೆಗಳಲ್ಲಿ ಎಳೆಯ ಹುಡುಗರನ್ನು ಕಂಡರು. ಬಿಡುಗಡೆಯಾದವರಲ್ಲಿ ಅನೇಕರು ಮತ್ತೆ ಅಲ್ಲಿಗೇ ಮರಳುತ್ತಿದ್ದರು. ಹೊರಗೆ ಅವರಿಗಾಗಿ ಕಾಯುವವರು ಯಾರೂ ಇರಲಿಲ್ಲ. ಅಂಥವರಿಗೆ ಅವರು ಆಟದ ಬಯಲು, ವಸತಿ, ಕಸುಬು ಒದಗಿಸಿದರು. 1850ರ ದಶಕದಲ್ಲಿ ಮಾಲೀಕರಿಂದ ಕೆಲಸದ ಕರಾರುಪತ್ರಕ್ಕೆ ಸಹಿ ಹಾಕಿಸಿದರು. ಅವರ ಸಲೇಸಿಯನ್ ಸಭೆಯವರು 1980ರಲ್ಲಿ ಆರಂಭಿಸಿದ ‘ಬೆಂಗಳೂರು ಓಣಿಯವರ ಸೇವಾಕೂಟ’ವು ರೈಲು ನಿಲ್ದಾಣದಲ್ಲಿ ಒಂಟಿಯಾಗಿ ಇಳಿಯುವ ಮಕ್ಕಳನ್ನು ಹುಡುಕಿ ಮಾತನಾಡಿಸುತ್ತ ಬಂದಿದೆ.

ಈ ಆತುರವೇಕೆ? ಗುಂಪಿನ ದಾದಾ ಮೊದಲು ಕೊಡುವುದು ಚಾಕುವನ್ನಲ್ಲ; ಊಟ, ಮಲಗಲು ಜಾಗ, ‘ನೀನು ನಮ್ಮವನು’ ಎಂಬ ಮಾತು. ಆ ಋಣ ತೀರಿಸಲೆಂದೇ ಹುಡುಗ ಮುಂದೆ ಚಾಕು ಹಿಡಿಯುತ್ತಾನೆ.

ಆದ್ದರಿಂದ ಮಗನನ್ನು ರೈಲು ಹತ್ತಿಸುವ ಮುನ್ನ ವಿಚಾರಿಸೋಣ: ಎಲ್ಲಿ ಇಳಿಯುತ್ತಾನೆ? ಯಾರ ಬಳಿ ಉಳಿಯುತ್ತಾನೆ? ಅವನ ಕೂಲಿ ಯಾರ ಕೈಗೆ ಬರುತ್ತದೆ? ಆ ಊರಿನ ಧರ್ಮಕೇಂದ್ರದ ವಿಳಾಸವನ್ನು ಅವನ ಕೈಗಿಡೋಣ. ಫೋನ್ ಮಾಡಿದಾಗ ‘ರೊಕ್ಕ ಕಳಿಸಿದಿಯೇನು?’ ಎನ್ನುವ ಮುಂಚೆ ‘ಊಟ ಆತೇನಪಾ?’ ಎಂದು ಕೇಳೋಣ.